ಸಹಾಯ ಬೇಕು: ಥೋರೋನ ಸ್ವಾವಲಂಬನೆಯನ್ನು ಹೇಗೆ ಓದಬೇಕು?

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲಿಷ್ ಎಂ.ಎ. ವಿದ್ಯಾರ್ಥಿನಿ, ಹತ್ತೊಂಬತ್ತನೇ ಶತಮಾನದ ಅಮೆರಿಕದ ಲೇಖಕ-ಚಿಂತಕರಾದ ಎಮರ್ಸನ್ ಮತ್ತು ಥೋರೋ ಕುರಿತು ಕಿರುಪ್ರಬಂಧ ಬರೆಯುತ್ತಿದ್ದೇನೆ. ಸ್ವಾವಲಂಬನೆಯ ಬಗ್ಗೆ ಎಮರ್ಸನ್ 1841ರಲ್ಲಿ ಪ್ರಕಟಿಸಿದ ಪ್ರಬಂಧ ನನ್ನನ್ನು ಬಹಳ ಕಾಡಿದೆ. ಆದರೆ 1845ರಲ್ಲಿ ಥೋರೋ ಸ್ವಾವಲಂಬಿಯಾಗಿ ಬದುಕಲೆಂದು ವಾಲ್ಡನ್ ಕೊಳದ ಬಳಿಯ ಕಾಡಿನಲ್ಲಿ ಮನೆ ಕಟ್ಟಿಕೊಂಡದ್ದು ಎಮರ್ಸನ್‌ನ ಜಮೀನಿನಲ್ಲಿ. ಕಾಂಕರ್ಡ್ ಊರಿಗೂ ಆಗಾಗ ನಡೆದು ಹೋಗುತ್ತಿದ್ದ. ಇದನ್ನು ಬೂಟಾಟಿಕೆ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ತನ್ನ ತೀರ್ಮಾನವನ್ನು ಇನ್ನೊಬ್ಬರ ಕೈಗೆ ಕೊಡದಿರುವುದೇ ಸ್ವಾವಲಂಬನೆ ಎಂಬುದು ನನ್ನ ನಿಲುವು. ಗುಲಾಮಗಿರಿಯನ್ನು ಪೋಷಿಸುವ ಸರ್ಕಾರಕ್ಕೆ ತೆರಿಗೆ ಕೊಡದೆ 1846ರಲ್ಲಿ ಒಂದು ರಾತ್ರಿ ಜೈಲಿನಲ್ಲಿ ಕಳೆದವನು ಥೋರೋ!

ಹಾಗಾದರೆ ಈ ಸ್ವಾತಂತ್ರ್ಯಕ್ಕೆ ಕಾಡು, ಕೊಳ ಏಕೆ ಬೇಕಾದವು? ಇಲ್ಲಿಯೇ ನನ್ನ ಬರವಣಿಗೆ ನಿಂತಿದೆ. ಈ ವಿಷಯ ಪಾಠ ಮಾಡಿರುವ ಮೇಷ್ಟ್ರುಗಳು, ಸಂಶೋಧಕರು ದಯವಿಟ್ಟು ದಾರಿ ತೋರಿಸಿ. ಕನ್ನಡದಲ್ಲಿ ಒಳ್ಳೆಯ ವಿಮರ್ಶಾ ಲೇಖನವಿದ್ದರೆ ತಿಳಿಸಿ, ಹುಡುಕಿ ಓದುತ್ತೇನೆ.