ಸಮುವೇಲ ಎಂಬ ಹೆಸರು: ಕೇಳಿದ್ದು ಯಾರು?

ಪ್ರಶ್ನೆ

ಭಾನುವಾರದ ಶಾಲೆಯಲ್ಲಿ ಹತ್ತು-ಹನ್ನೊಂದು ವಯಸ್ಸಿನ ಮಕ್ಕಳಿಗೆ ಪಾಠ ಹೇಳುತ್ತೇನೆ. ಕಳೆದ ವಾರ ಬೈಬಲಿನ ಹನ್ನಳ ಕಥೆ: ಮಕ್ಕಳಿಲ್ಲದ ಅವಳು ದೇವರಲ್ಲಿ ಬೇಡಿ ಸಮುವೇಲ ಎಂಬ ಮಗನನ್ನು ಪಡೆದದ್ದು. ಸಮುವೇಲ ಎಂದರೆ ‘ದೇವರು ಕೇಳಿದನು’ ಎಂದು ಬೋರ್ಡಿನ ಮೇಲೆ ಬರೆದೆ. ನಾನು ಚಿಕ್ಕಂದಿನಲ್ಲಿ ಕಲಿತದ್ದೂ ಅದೇ. ಮುಂದಿನ ಸಾಲಿನ ಹುಡುಗಿ ಕೈಯೆತ್ತಿ, “ಮಿಸ್, ದೇವರು ಯಾರ ಹತ್ರ ಏನು ಕೇಳಿದ?” ಎಂದಳು. ಕೇಳಿಸಿಕೊಂಡ ಅಂತ ಅರ್ಥ ಎಂದು ತಿದ್ದಿದೆ. ಅವಳು ಪುಸ್ತಕದ ಮೇಲೆ ಬೆರಳಿಟ್ಟು, “ಆದ್ರೆ ಇಲ್ಲಿ ಅಮ್ಮ ಬೇಡ್ಕೊಂಡೆ ಅಂತಿದಾಳಲ್ಲ?” ಅಂದಳು. 1 ಸಮುವೇಲ 1:20 ತೆಗೆದು ನೋಡಿದೆ. ಹೌದು, ಯೆಹೋವನನ್ನು ಬೇಡಿ ಪಡೆದೆ ಎಂದೇ ಹನ್ನಳು ಹೆಸರಿಗೆ ಕಾರಣ ಕೊಡುತ್ತಾಳೆ. ಹಾಗಾದರೆ ಹೆಸರಿನೊಳಗೆ ಇರುವುದು ಬೇಡಿದ್ದೋ, ಆಲಿಸಿದ್ದೋ? ಈ ಭಾನುವಾರ ಆ ಮಗುವಿಗೆ ನೆಟ್ಟಗೆ ಉತ್ತರ ಹೇಳಬೇಕು.

ಉತ್ತರ 1

ಆ ಹುಡುಗಿ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾಳೆ. ಕೆಲವು ವರ್ಷಗಳಿಂದ ಈ ಕಥೆಯ ಮೂಲ ಭಾಷೆಯಾದ ಹೀಬ್ರೂವನ್ನು ಅಕ್ಷರ ಅಕ್ಷರವಾಗಿ ಕೂಡಿಸಿಕೊಂಡು ಓದುತ್ತಿದ್ದೇನೆ, ಈ ಅಧ್ಯಾಯಕ್ಕೆ ಮರಳಿದಷ್ಟು ಸಲ ಇನ್ನಾವುದಕ್ಕೂ ಮರಳಿಲ್ಲ.

ಗೊಂದಲದ ಒಂದು ಪಾಲು ಕನ್ನಡದ್ದು. ನಮಗೆ ‘ಕೇಳು’ ಒಂದೇ ಮಾತು, ಕೈಚಾಚಿದರೂ ಕೇಳುವುದೇ, ಕಿವಿಗೊಟ್ಟರೂ ಕೇಳುವುದೇ. ಹೀಬ್ರೂವಿನಲ್ಲಿ ಬೇಡುವುದು ‘ಶಾಅಲ್’, ಆಲಿಸುವುದು ‘ಶಾಮಾ’. ಶಾಮಾದ ಕೊನೆಗೆ ಗಂಟಲಿನಿಂದ ಹೊರಡುವ ಅಯಿನ್ ಎಂಬ ಅಕ್ಷರವಿದೆ. ಅಬ್ರಹಾಮನ ಮಗ ಇಷ್ಮಾಯೇಲನ ಹೆಸರಲ್ಲಿ ಅದು ಅಚ್ಚಳಿಯದೆ ಉಳಿದಿದೆ, ಆದಿಕಾಂಡ 16:11ರ ‘ಯೆಹೋವನು ಆಲಿಸಿದ್ದಾನೆ’ ಎಂಬ ವಿವರಣೆಯೂ ಅದಕ್ಕೆ ಸರಿಹೊಂದುತ್ತದೆ. ಸಮುವೇಲನ ಹೆಸರಲ್ಲಿರುವುದು ಶೀನ್, ಮೇಮ್, ವಾವ್, ಅಲೆಫ್, ಲಾಮೆದ್, ಈ ಐದೇ. ಅಯಿನ್ ಇಲ್ಲ. ಆದ್ದರಿಂದ ‘ದೇವರು ಆಲಿಸಿದನು’ ಎಂಬ ಅರ್ಥ ಎಷ್ಟು ಪ್ರಚಾರದಲ್ಲಿದ್ದರೂ ಅಕ್ಷರಗಳು ಅದಕ್ಕೆ ಒಪ್ಪುವುದಿಲ್ಲ. ‘ಶೇಮ್’ ಎಂದರೆ ಹೆಸರು, ‘ಏಲ್’ ಎಂದರೆ ದೇವರು. ‘ಅವನ ಹೆಸರು ದೇವರು’ ಅಥವಾ ‘ದೇವರ ಹೆಸರು’ ಎನ್ನುವುದೇ ಅಕ್ಷರಕ್ಕೆ ಹತ್ತಿರ.

ಹಾಗೆಂದು ಹನ್ನಳು ತಪ್ಪು ಹೇಳಿದಳೇ? ಇಲ್ಲ. ಅವಳು ನಿಘಂಟು ಬರೆಯುತ್ತಿರಲಿಲ್ಲ, ನಾದ ಹಿಡಿದು ಮಾತಾಡುತ್ತಿದ್ದಳು. ಶೆಮುಏಲ್, ಶಾಅಲ್ ಎಂದು ಗಟ್ಟಿಯಾಗಿ ಒಟ್ಟಿಗೆ ಹೇಳಿನೋಡಿ. ಫರೋಹನ ಮಗಳು ಮೋಶೆಗೆ ಹೆಸರಿಟ್ಟದ್ದೂ ಹೀಗೆಯೇ: ನೀರಿನಿಂದ ಎಳೆದದ್ದು ಅವಳು, ಆದರೆ ಆ ಹೆಸರಿನ ರೂಪಕ್ಕೆ ‘ಎಳೆಯುವವನು’ ಎಂಬ ಅರ್ಥ ಬರುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೇರೆ. ಮೊದಲ ಅಧ್ಯಾಯವೊಂದರಲ್ಲೇ ‘ಬೇಡು’ ಧಾತು ಏಳು ಸಲ ಬರುತ್ತದೆ, ಕೊನೆಯ ಸಲ, 28ನೆಯ ವಚನದಲ್ಲಿ, ‘ಶಾಊಲ್’ ಎಂಬ ರೂಪದಲ್ಲಿ. ಅದು ಇಸ್ರಾಯೇಲಿನ ಮೊದಲ ಅರಸ ಸೌಲನ ಹೆಸರು, ಅಕ್ಷರವೂ ಬದಲಾಗಿಲ್ಲ! ಇದು ಮೊದಲು ಸೌಲನ ಹುಟ್ಟಿನ ಕಥೆಯಾಗಿತ್ತು ಎಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಶೀಲೋ ಎಂಬ ಊರಿನ ದೇವಾಲಯ, ಅಲ್ಲಿನ ಯಾಜಕ ಏಲಿ, ಮಗುವನ್ನು ದೇವರಿಗೆ ಒಪ್ಪಿಸುವ ಹನ್ನಳ ಹರಕೆ ಎಲ್ಲವೂ ಸಮುವೇಲನಿಗೇ ಹೆಣೆದುಕೊಂಡಿವೆ. ಕಥೆಗಾರ ಬೇಕೆಂದೇ ಆ ಶಬ್ದವನ್ನು ಇಲ್ಲಿ ಬಿತ್ತಿದ್ದಾನೆ ಎಂದು ನಾನು ಓದುತ್ತೇನೆ. ಎಂಟನೆಯ ಅಧ್ಯಾಯದಲ್ಲಿ ಜನ ಅರಸನನ್ನು ಬೇಡುವಾಗ ಅದೇ ಕ್ರಿಯಾಪದ ಮರಳುತ್ತದೆ. ಹಾಗೆ ಬೇಡಿ ಪಡೆದ ಅರಸನ ಹೆಸರೇ ‘ಬೇಡಲ್ಪಟ್ಟವನು’.

ಉತ್ತರ 2

ಒಂಬತ್ತು ವರ್ಷ ಕಾದ ಮೇಲೆ ಹುಟ್ಟಿದ ನಮ್ಮ ಮಗನ ಹೆಸರು ಸಮುವೇಲ. ನನಗೆ ಹೀಬ್ರೂ ಬಾರದು. ಹೆಸರಿಟ್ಟ ದಿನ ನನ್ನ ಮನಸ್ಸಿನಲ್ಲಿದ್ದದ್ದು ‘ನಾನು ಕೇಳಿದೆ, ದೇವರು ಕೇಳಿದ’ ಎಂಬ ಒಂದೇ ವಾಕ್ಯ. ಈಗ ಅಯಿನ್ ಇಲ್ಲವೆಂದು ಓದಿ ಎದೆ ಸ್ವಲ್ಪ ಝಲ್ಲೆಂದಿತು. ಅದನ್ನು ಮಗನಿಗೆ ಹೇಳುವುದು ಬಿಡಬೇಕೇ?

ಉತ್ತರ 1

ಬಿಡಬೇಡಿ. ನಿಮ್ಮ ವಾಕ್ಯದ ಮೊದಲರ್ಧ ಹನ್ನಳ ಮಾತೇ. ಎರಡನೆಯದು ಹೆಸರಿನಲ್ಲಿ ಇಲ್ಲದಿದ್ದರೂ ಕಥೆಯಲ್ಲಿದೆ. ಮೂರನೆಯ ಅಧ್ಯಾಯದಲ್ಲಿ ರಾತ್ರಿ ದೇವರ ಕರೆ ಬಂದಾಗ ‘ನಿನ್ನ ದಾಸನು ಕೇಳುತ್ತಿದ್ದಾನೆ’ ಎನ್ನುತ್ತಾನಲ್ಲ ಹುಡುಗ ಸಮುವೇಲ, ಅಲ್ಲಿರುವುದು ಅಯಿನ್ ಇರುವ ಶಾಮಾವೇ.

ಇನ್ನು ಆ ಹುಡುಗಿಯ ಮೊದಲ ಪ್ರಶ್ನೆ, ದೇವರು ಏನು ಕೇಳಿದ ಅಂತ. ಅದನ್ನು ತಿದ್ದಬೇಕಾಗಿರಲಿಲ್ಲವೇನೋ. 1:28ರಲ್ಲಿ ಹನ್ನಳು ಮಗುವನ್ನು ಒಪ್ಪಿಸುವಾಗ ‘ಹಿಶ್ಇಲ್’ ಎಂಬ ಪ್ರೇರಣಾರ್ಥಕ ಬಳಸುತ್ತಾಳೆ. ಬೇಡಿದವರಿಗೆ ಬೇಡಿದ್ದನ್ನು ಕೊಡುವುದು ಎಂದರ್ಥ. ವಿಮೋಚನಕಾಂಡ 12:36ರಲ್ಲಿ ಐಗುಪ್ತದವರು (ಈಜಿಪ್ಟಿನವರು) ಇಸ್ರಾಯೇಲ್ಯರಿಗೆ ಕೊಟ್ಟದ್ದೂ ಅದೇ ಕ್ರಿಯಾಪದದಲ್ಲಿ. ತಾನು ಬೇಡಿ ಪಡೆದ ಮಗುವನ್ನು, ಈಗ ದೇವರೇ ಬೇಡಿದವನೋ ಎಂಬಂತೆ, ಅವನ ಕೈಗೆ ಇಡುತ್ತಾಳೆ.

ಪ್ರಶ್ನೆ ಕೇಳಿದವರು

ಹಾಗಾದರೆ ನಾನು ಅವಳಿಗೆ ಹೇಳಬೇಕಾದದ್ದು, ‘ನಿನ್ನ ಪ್ರಶ್ನೆಗೆ 28ನೆಯ ವಚನದಲ್ಲಿ ಉತ್ತರ ಇದೆ’ ಅಂತ. ಬೋರ್ಡಿನ ಮೇಲೆ ಆ ಐದು ಅಕ್ಷರಗಳನ್ನೂ ಬರೆದು ತೋರಿಸುವ ಆಸೆ. ಇವತ್ತಿನಿಂದಲೇ ಕೈ ಪಳಗಿಸಿಕೊಳ್ಳುತ್ತೇನೆ. ಬಲದಿಂದ ಎಡಕ್ಕೆ ತಾನೆ?

ಉತ್ತರ 1

ಹೌದು, ಬಲದಿಂದ ಎಡಕ್ಕೆ. ಶೀನ್‌ನಿಂದ ಶುರು ಮಾಡಿ.