ಅಪ್‌ಡೇಟ್: ಲಾಸ್ ಏಂಜಲೀಸ್‌ನ ವಿಲ್ಶೈರ್ ಸುರಂಗ ಮೆಟ್ರೊ ಇಷ್ಟು ತಡವಾದದ್ದೇಕೆ?

ವಿಲ್ಶೈರ್ ರಸ್ತೆಯ ಸುರಂಗ ಮೆಟ್ರೊ 1996ರಲ್ಲಿ ವೆಸ್ಟರ್ನ್ ಅವೆನ್ಯೂ ತಲುಪಿ ಅಲ್ಲಿಯೇ ನಿಂತದ್ದು ಸ್ಥಳೀಯರ ವಿರೋಧದಿಂದ ಮಾತ್ರವೇ ಎಂಬ ಪ್ರಶ್ನೆಯನ್ನು ಹಿಂದೆ ಕೇಳಿದ್ದೆ. ಆ ಬಳಿಕ ತಿಳಿದದ್ದನ್ನು ಇಲ್ಲಿ ಸೇರಿಸುತ್ತಿದ್ದೇನೆ. 1985ರಲ್ಲಿ, ಮೆಟ್ರೊ ಮುಂದೆ ಸಾಗಬೇಕಿದ್ದ ಹಾದಿಯ ಬಳಿಯ ಫೇರ್‌ಫ್ಯಾಕ್ಸ್ ಪ್ರದೇಶದ ಬಟ್ಟೆ ಅಂಗಡಿಯೊಂದರಲ್ಲಿ ನೆಲದಡಿಯಿಂದ ಸೋರಿದ ಮೀಥೇನ್ ಅನಿಲ ಸ್ಫೋಟಗೊಂಡ ಮೇಲೆ, ಸಂಸದ ಹೆನ್ರಿ ವ್ಯಾಕ್ಸ್‌ಮನ್ ಅವರ ಒತ್ತಾಯದಂತೆ, ಆ ಭಾಗದಲ್ಲಿ ಸುರಂಗ ಕೊರೆಯಲು ಫೆಡರಲ್ ಸರ್ಕಾರದ ಹಣ ಬಳಸುವುದನ್ನೇ ಕಾಯ್ದೆ ನಿಷೇಧಿಸಿತು. ಅನಿಲದ ಭಯ ನಿಜವಾದದ್ದೇ. ಆದರೆ ಮೆಟ್ರೊ ಬೇಡವೆನ್ನುತ್ತಿದ್ದ ನಿವಾಸಿಗಳಿಗೆ ಅದು ಒಳ್ಳೆಯ ನೆಪವೂ ಆಯಿತೆಂದು ನನಗೆ ತೋರುತ್ತದೆ. ನಿಷೇಧ 2007ರಲ್ಲಿ ತೆರವಾದ ಮೇಲೂ, ಅದೇ ಹಾದಿಯಲ್ಲಿ ಮುಂದೆ ಬರುವ ಬೆವರ್ಲಿ ಹಿಲ್ಸ್ ನಗರದವರು ತಮ್ಮ ಪ್ರೌಢಶಾಲೆಯ ಕೆಳಗೆ ಸುರಂಗ ಹಾಯಬಾರದೆಂದು ನ್ಯಾಯಾಲಯದ ಮೆಟ್ಟಿಲೇರಿದರು. ವರ್ತಕರ ದೂರು ಬೇರೆಯದು: ಕಾಮಗಾರಿಯಿಂದ ವ್ಯಾಪಾರ ಕುಸಿದ ಸಣ್ಣ ಅಂಗಡಿಗಳಿಗಾಗಿ ಮೆಟ್ರೊ ಸಂಸ್ಥೆಯು ವರ್ಷಕ್ಕೆ ಗರಿಷ್ಠ 50,000 ಡಾಲರ್ ನೀಡುವ ನಿಧಿಯನ್ನು ಸ್ಥಾಪಿಸಬೇಕಾಯಿತು.