ಪ್ರಶ್ನೋತ್ತರ: ಶೇ 58ರ ಶಾಲೆಗೆ ಮಗಳನ್ನು ಸೇರಿಸಬಹುದೇ?

(ಪೋಷಕರ ಗುಂಪಿನಲ್ಲಿ ಉತ್ತರಿಸುವವರು: ಮೈಸೂರಿನ ನಿವೃತ್ತ ಸರ್ಕಾರಿ ಪ್ರೌಢಶಾಲಾ ಮುಖ್ಯ ಶಿಕ್ಷಕಿ)

ರಾಜೀವನಗರದಿಂದ: ನಮಸ್ಕಾರ ಮೇಡಂ. ಮಗಳನ್ನು ಎಂಟಕ್ಕೆ ಸೇರಿಸಬೇಕು. ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಬರೆದ 31 ಮಕ್ಕಳಲ್ಲಿ 18 ಮಂದಿ ಪಾಸು, ಅಂದರೆ ಶೇ 58. ಎದುರಿನ ಖಾಸಗಿ ಶಾಲೆಯದು ಶೇ 100. ಸಾಲ ಮಾಡಿಯಾದರೂ ಅಲ್ಲಿಗೇ ಸೇರಿಸಬೇಕೇ?

ಮೇಡಂ: ಸಾಲದ ಮಾತು ಆಮೇಲೆ. 31 ಮಕ್ಕಳಿರುವಲ್ಲಿ ಮೂವರು ಗಣಿತವೊಂದರಲ್ಲಿ ಸೋತರೂ ಫಲಿತಾಂಶ ಹೆಚ್ಚುಕಡಿಮೆ ಶೇ 10 ಕುಸಿಯುತ್ತದೆ. ಸೋತ 13 ಮಂದಿ ಯಾರು, ಯಾವ ತರಗತಿಗೆ ಬಂದು ಸೇರಿದವರು, ಮನೆಮಾತು ಯಾವುದು ಎಂದು ವಿಚಾರಿಸಿ. ನಮ್ಮಲ್ಲಿ ಕಟ್ಟಡ ಕೆಲಸದವರ ಮಗನೊಬ್ಬನಿದ್ದ, ನೇಪಾಳಿ ಮನೆಮಾತಿನವನು, ಒಂಬತ್ತರ ನಡುವೆ ಸೇರಿದವನು. ವರ್ಗ ಸಮೀಕರಣ ಬರೆದುಕೊಟ್ಟರೆ ಚಕಚಕನೆ ಬಿಡಿಸುತ್ತಿದ್ದ. ಅದನ್ನೇ ‘ಒಂದು ಆಯತಾಕಾರದ ಹೊಲದ ಉದ್ದವು ಅಗಲಕ್ಕಿಂತ’ ಎಂದು ಶುರು ಮಾಡಿದರೆ ಹಾಳೆ ಖಾಲಿ. ಅಂಕಪಟ್ಟಿಯ ಪ್ರಕಾರ ಅವನಿಗೆ ಗಣಿತ ಬಾರದು!

ಶೇ 100ರ ಶಾಲೆಯಲ್ಲಿ ಎಂಟರಲ್ಲಿ ಎಷ್ಟು ಮಕ್ಕಳಿದ್ದರು, ಹತ್ತಕ್ಕೆ ಎಷ್ಟು ಉಳಿದರು? ತರಗತಿವಾರು ದಾಖಲಾತಿ ಯುಡೈಸ್ ಎಂಬ ಸರ್ಕಾರಿ ಶಾಲಾ ಮಾಹಿತಿ ಜಾಲತಾಣದಲ್ಲಿ ಸಿಗುತ್ತದೆ. ಸರ್ಕಾರಿ ಶಾಲೆಯಲ್ಲಿ ಗಣಿತ, ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿ ಇದೆಯೇ ಕೇಳಿ. ಖಾಲಿಯಿದ್ದರೆ ನನಗೂ ಚಿಂತೆಯೇ.

ಕುವೆಂಪುನಗರದಿಂದ: ಒಳ್ಳೆಯ ಶಾಲೆ ಯಾವುದು? ಒಂದು ಹೆಸರು ಹೇಳಿ ಸಾಕು.

ಮೇಡಂ: ಹೇಳುವುದಿಲ್ಲ. ಮೇಲೆ ಓದಿ.

ಹೆಬ್ಬಾಳದಿಂದ: ‘ರಾಷ್ಟ್ರೀಯ ಸಮೀಕ್ಷೆ: ಮೈಸೂರಿನ ಅಗ್ರ ಶಾಲೆಗಳು’ ಪಟ್ಟಿ ಬಂದಿದೆ, ನೋಡಿ. ಜೊತೆಗೆ ನೆನಪಿನ ಶಕ್ತಿಯ ಲೇಹ್ಯದ ವಿವರವೂ ಇದೆ.

ಮೇಡಂ: ಮಕ್ಕಳ ಕಲಿಕೆ ಅಳೆಯುವ ಕೇಂದ್ರ ಸರ್ಕಾರದ ಆ ಸಮೀಕ್ಷೆ ಆಯ್ದ ಶಾಲೆಗಳಲ್ಲಷ್ಟೇ ನಡೆಯುತ್ತದೆ, ಫಲಿತಾಂಶ ಜಿಲ್ಲೆಯ ಲೆಕ್ಕದಲ್ಲಿ ಬರುತ್ತದೆ. ಶಾಲೆಗಳಿಗೆ ರ‍್ಯಾಂಕ್ ಇಲ್ಲ, ಪಟ್ಟಿ ಸುಳ್ಳು. ಲೇಹ್ಯವನ್ನು ವೈದ್ಯರನ್ನು ಕೇಳದೆ ಮಕ್ಕಳ ಬಾಯಿಗೆ ಹಾಕಬೇಡಿ. ಇಂಥದ್ದು ಇನ್ನೊಂದು ಬಂದರೆ ನಾನು ಗುಂಪಿನಲ್ಲಿರುವುದಿಲ್ಲ.

ಕೆಸರೆಯಿಂದ: ಮೇಡಂ, ಮಗನಿಗೆ ಅಕ್ಷರಗಳು ಅದಲುಬದಲಾಗುತ್ತವೆ. ಶಾಲೆಯವರು ದಡ್ಡ ಎನ್ನುತ್ತಾರೆ. ಪರೀಕ್ಷೆಯಲ್ಲಿ ರಿಯಾಯಿತಿ ಸಿಗುತ್ತದೆಯೇ?

ಕುವೆಂಪುನಗರದಿಂದ: ಸೋತಾಗಲೆಲ್ಲ ಸರ್ಕಾರಿ ಶಾಲೆಯವರಿಗೆ ಭಾಷೆಯ ನೆಪ.

ಉದಯಗಿರಿಯಿಂದ: ನೆಪವೇ? ನಿಮ್ಮ ಮಕ್ಕಳು ಉರ್ದುವಿನಲ್ಲಿ ಸಮಾಜ ವಿಜ್ಞಾನ ಬರೆಯಲಿ, ನೋಡೋಣ.

ಕುವೆಂಪುನಗರದಿಂದ: ಅಂಕ ಸುಳ್ಳು ಹೇಳುವುದಿಲ್ಲ.

ಮೇಡಂ: 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ನಕಲು ತಡೆಯಲು ಕ್ಯಾಮೆರಾದ ನೇರ ನಿಗಾ, ಬಂತು; ಹೆಚ್ಚುವರಿ ಕೃಪಾಂಕ ಕೊಟ್ಟರೂ ಶೇ 73.40. ಒಂದೇ ವರ್ಷದಲ್ಲಿ ಮಕ್ಕಳೆಲ್ಲ ದಡ್ಡರಾದರೇ?

ರಾಜೀವನಗರದಿಂದ: ಯುಡೈಸ್ ನೋಡಿದೆ. ಎದುರಿನ ಶಾಲೆಯಲ್ಲಿ ಎಂಟರಲ್ಲಿದ್ದವರು 52, ಹತ್ತರಲ್ಲಿ ಉಳಿದವರು 37.

ಕುವೆಂಪುನಗರದಿಂದ: ಪೋಷಕರಿಗೆ ವರ್ಗಾವಣೆಯಾಗಿರಬಹುದು.

ಉದಯಗಿರಿಯಿಂದ: ಹದಿನೈದು ಮನೆಗೂ? ಸಾಕು ಬಿಡಿ ಸ್ವಾಮಿ.

ಕುವೆಂಪುನಗರದಿಂದ: ಸ್ವಾಮಿ ಎನ್ನಬೇಡಿ, ನಾನು ಹೆಂಗಸು.